ಮುಂದಿನ ಸೀಟಿನ ಗಂಟು

ಸವದತ್ತಿಯ ಚಮನಸಾಬನಿಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇಲ್ಲ. ಇದು ಊರವರ ಚಾಡಿಯಲ್ಲ, ಅವನ ಹೆಂಡತಿ ಖತಿಜಾಬಿಯ ಮಾತು. ಹಾಲು ಹಾಕುವವನ ಎದುರೇ ಹಾಲಿಗೆ ಬೆರಳು ಅದ್ದಿ ನೋಡುತ್ತಾನೆ. ರೇಡಿಯೋದಲ್ಲಿ ಮಳೆ ಬರುತ್ತದೆ ಅಂದರೆ ಅಂಗಳಕ್ಕೆ ಬಂದು ಆಕಾಶವನ್ನು ಕೇಳುತ್ತಾನೆ. ಡೀಸೆಲ್ ಹಾಕಿಸುವಾಗ ಒಂದು ಕಣ್ಣು ಮೀಟರಿನ ಮೇಲೆ, ಇನ್ನೊಂದು ಕಣ್ಣು ಪೈಪು ಹಿಡಿದವನ ಕೈಯ ಮೇಲೆ. ಮಗಳು ಫರೀನ್ ಬೈಲಹೊಂಗಲದ ಕಾಲೇಜಿನಿಂದ ಬಂದು "ಅಬ್ಬಾ, ಪಾಸ್ ಆದೆ" ಅಂದಾಗ ಅವನು ಮೊದಲು ಕೇಳಿದ್ದು, "ಪೇಪರ್ ತೋರ್ಸು."

ಇಂಥ ಮನುಷ್ಯನ ಕೈಗೇ ಊರು ತನ್ನ ಸಾಮಾನನ್ನೆಲ್ಲ ಕೊಡುತ್ತದೆ ಅಂದರೆ ನೀವು ನಂಬಲಿಕ್ಕಿಲ್ಲ. ಮೂವತ್ತೊಂದು ವರ್ಷದಿಂದ ಅವನು ಗಾಡಿ ಓಡಿಸುತ್ತಿದ್ದಾನೆ. ಈಗ ಇರುವುದು ಹನ್ನೆರಡು ಸೀಟಿನ ಬಿಳಿ ಕ್ರೂಸರ್. ಕಿತ್ತೂರಿನ ಬೀಗರಿಗೆ ಲಗ್ನಪತ್ರಿಕೆ, ರಾಮದುರ್ಗದ ನೇಕಾರರ ಮನೆಯಿಂದ ಸೀರೆ, ಬೈಲಹೊಂಗಲದ ಹಾಸ್ಟೆಲ್ಲಿಗೆ ರೊಟ್ಟಿಯ ಡಬ್ಬಿ, ಒಮ್ಮೆ ಒಬ್ಬ ಮುದುಕನ ಹಲ್ಲಿನ ಸೆಟ್ಟು, ಎಲ್ಲವೂ ಅವನ ಗಾಡಿಯಲ್ಲಿ ಹೋಗಿವೆ. ಊರಿನ ಲೆಕ್ಕ ಸರಳ: ಯಾರನ್ನೂ ನಂಬದವನ ಕೈಯಿಂದ ಸಾಮಾನು ಕಳೆಯುವುದಿಲ್ಲ.

ನಮ್ಮ ಕಡೆಯ ಇನ್ನೊಂದು ರೂಢಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಬಾಡಿಗೆ ಯಾರದೇ ಇರಲಿ, ಸೀಟು ಖಾಲಿ ಇದ್ದರೆ ಅದು ಹಾದಿಯ ಮೇಲಿನವರದು. ಬಿಸಿಲಲ್ಲಿ ಕೈ ಮಾಡಿದವರನ್ನು ಬಿಟ್ಟು ಹೋದರೆ, ಆ ಸುದ್ದಿ ಗಾಡಿಗಿಂತ ಮೊದಲು ಮುಂದಿನ ಊರನ್ನು ಮುಟ್ಟಿರುತ್ತದೆ.

ಪುಷ್ಯ ಮಾಸದ ಒಂದು ಬೆಳಗ್ಗೆ, ಚಮನಸಾಬ ಗಾಡಿ ಒರೆಸುತ್ತಿದ್ದಾಗ, ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಶೆಟ್ಟೆವ್ವ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮೆಂತೆಸೊಪ್ಪು. ಆಚೀಚೆ ನೋಡಿ, ಸೊಪ್ಪಿನ ಅಡಿಯಿಂದ ಒಂದು ಗಂಟು ತೆಗೆದಳು. ಹಳೆಯ ಇಲಕಲ್ಲ ಸೀರೆಯ ತುಂಡಿನಲ್ಲಿ ಕಟ್ಟಿದ, ಮೂರು ಸುತ್ತು ಹಾಕಿ ಬಿಗಿದ ಗಂಟು.

"ಚಮನಣ್ಣ, ಇದನ್ನ ಎಂ.ಕೆ. ಹುಬ್ಬಳ್ಳಿಗೆ ನಮ್ಮ ನೀಲಗಂಗಾಗ ಮುಟ್ಟಸಬೇಕು."

"ಏನೈತಿ ಇದ್ರಾಗ?"

ಶೆಟ್ಟೆವ್ವ ಸುಮ್ಮನೆ ಅವನ ಮುಖ ನೋಡಿದಳು. ಚಮನಸಾಬನಿಗೆ ಅರ್ಥವಾಯಿತು. ಮೂರು ಹೆಣ್ಣುಮಕ್ಕಳ ತಂದೆ, ಅರ್ಥವಾಗದೆ ಇರುತ್ತದೆಯೆ?

ಮಗಳು ಬಸಿರಾಗಿ ಮೂರು ತಿಂಗಳಿಗೆ ತವರಿನವರು ಮೊದಲ ಹಸಿರು ಕುಬಸ ಅಂದರೆ ರವಿಕೆಯ ಖಣ, ಹಸಿರು ಬಳೆ, ಕೊಬ್ಬರಿ, ಉತ್ತತ್ತಿ ಕೊಡುತ್ತಾರೆ. ಅದನ್ನು ಯಾರಿಗೂ ತಿಳಿಯದಂತೆ ಕೊಡಬೇಕು. ಅದಕ್ಕೇ ಅದರ ಹೆಸರು ಕಳ್ಳ ಕುಬಸ. ಊರಿಗೆ ಹೇಳಿ, ಹೋಳಿಗೆ ಹಾಕಿ ಮಾಡುವ ಕುಬಸ ಆಮೇಲಿನದು. ನೀಲಗಂಗಾಳಿಗೆ ಈ ಮೊದಲು ಎರಡು ಸಲ ಬಸಿರು ಇಳಿದಿತ್ತು. ಎರಡೂ ಸಲ ಶೆಟ್ಟೆವ್ವ ತಾನೇ ಬಸ್ಸಿನಲ್ಲಿ ಹೋಗಿದ್ದಳು. ಬಸ್ಸಿನ ತುಂಬ ಗುರುತಿನವರು, "ಎಲ್ಲಿಗಿ? ಯಾಕ? ಗಂಟ ಭಾರಿ ಐತಲ್ಲ?" ಅಂತ ಕೇಳಿದವರೇ ಎಲ್ಲ.

"ಡಾಕ್ಟರ್ ಬಾಯಾರು ಈ ಸಲ ಎಲ್ಲಾ ಚೊಲೊ ಐತಿ ಅಂದಾರ. ಖರೆ, ನನ್ನ ಜೀವ ಕೇಳವಲ್ದು ಯಣ್ಣಾ. ನಾ ಹೋದ್ರ ಊರಿಗೇ ಗೊತ್ತಾಗ್ತದ. ನಿನ್ನ ಗಾಡ್ಯಾಗ ಹೋದ್ರ ಯಾರಿಗೆ ಗೊತ್ತಾಗ್ತದ? ನೆಲಕ್ಕ ಇಡಬ್ಯಾಡ. ಬಿಚ್ಚಬ್ಯಾಡ. ದೀಪ ಹಚ್ಚೂದರೊಳಗ ಆಕಿ ಕೈಯಾಗ ಇರಬೇಕು. ಖತಿಜಾಗೂ ಹೇಳಬ್ಯಾಡ."

"ಯಾರಿಗೂ ಹೇಳೂದಿಲ್ಲ, ಹೋಗಕ್ಕ" ಅಂದ ಚಮನಸಾಬ. ಗಂಟನ್ನು ಮುಂದಿನ ಸೀಟಿನ ಮೇಲೆ ಕೂರಿಸಿ, ಬೆಲ್ಟು ಕಟ್ಟಿದ. ಅಷ್ಟರಲ್ಲಿ ಬಾಗಿಲಲ್ಲಿ ಖತಿಜಾಬಿ ನಿಂತಿದ್ದಳು.

"ಏನದು?"

"ಸಾಮಾನ."

"ಯಾರದು?"

"ಊರಂದು."

ಖತಿಜಾಬಿ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡಳು.

ಅವತ್ತಿನ ಬಾಡಿಗೆ ಮೈಸೂರಿನ ಗಂಡ-ಹೆಂಡತಿಯದು. ಗಂಡ ಗೌತಮ, ಕ್ಯಾಮೆರಾ ಹೊತ್ತು ಊರೂರು ತಿರುಗಿ, ಅದರ ವಿಡಿಯೋ ಮಾಡಿ ಫೋನಿನಲ್ಲಿ ಜನರಿಗೆ ತೋರಿಸುವ ಹುಚ್ಚಿನವನು. ಹೆಂಡತಿ ಪ್ರಿಯಂವದಾ, ಬ್ಯಾಂಕಿನಲ್ಲಿ ಕೆಲಸ. ಲಾಡ್ಜಿನವನು ಎ.ಸಿ. ಕಾರು ಕೊಡಿಸುತ್ತೇನೆ ಅಂದಾಗ ಗೌತಮ, "ಬೇಡ, ನಮಗೆ ಊರಿನ ಜನ ಓಡಾಡೋ ಗಾಡೀನೇ ಬೇಕು" ಅಂದಿದ್ದ. ಸೊಗಲ ಜಲಪಾತ, ಬೈಲಹೊಂಗಲ, ಕಿತ್ತೂರು ಕೋಟೆ ನೋಡಿ, ರಾತ್ರಿ ಬೆಳಗಾವಿಯಲ್ಲಿ ರೈಲು ಹಿಡಿಯುವುದು ಅವರ ಲೆಕ್ಕ. ಎಂ.ಕೆ. ಹುಬ್ಬಳ್ಳಿ ಅದೇ ಹಾದಿಯ ಮೇಲೆ ಬರುತ್ತದೆ. ಚಮನಸಾಬನಿಗೆ ಇದಕ್ಕಿಂತ ಅನುಕೂಲ ಬೇಕೆ?

ಆದರೂ ಅವನಿಗೆ ಅವರ ಮೇಲೆ ಮೊದಲ ನೋಟದಲ್ಲೇ ಸಂಶಯ ಬಂತು. ಈ ಕಡೆ ಅವರಿಗೆ ನೆಂಟರಿಲ್ಲ. ಎಲ್ಲಮ್ಮನಿಗೆ ಹರಕೆ ಹೊತ್ತಿಲ್ಲ. ಕೋರ್ಟಿನ ಕೇಸಿಲ್ಲ, ಲಗ್ನವಿಲ್ಲ, ಹೊಲವಿಲ್ಲ. ಹಾಗಾದರೆ ಬಂದದ್ದೇಕೆ? ಬಂದವನು ಯಾರದೋ ಹೊಲದ ಬದುವಿನ ಫೋಟೋ ತೆಗೆಯುವುದೇಕೆ? ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಣ್ಣುಮಗಳಿಗೆ "ಅಮ್ಮಾ, ಇನ್ನೊಂದ್ಸಲ ಅಲ್ಲಿಂದ ನಡ್ಕೊಂಡು ಬರ್ತೀರಾ?" ಅಂದ. ಅವಳು ಬುಟ್ಟಿ ಇಳಿಸಿ, ಸೊಂಟಕ್ಕೆ ಕೈ ಇಟ್ಟು, "ಯಾಕಪಾ? ಮೊದಲನೇ ಸಲ ನಡದದ್ದು ಸುಳ್ಳಾತೇನು?" ಅಂತ ಕೇಳಿದಳು.

ಅವರ ಕಡೆಯ ಸಂಶಯ ಮುಂದಿನ ಸೀಟಿನಿಂದ ಶುರುವಾಯಿತು.

"ನಾನು ಮುಂದೆ ಕೂತ್ಕೋತೀನಿ. ರಸ್ತೆ ಚೆನ್ನಾಗಿ ಸಿಗುತ್ತೆ" ಅಂದ ಗೌತಮ.

"ಬ್ಯಾಡ್ರಿ ಸಾಹೇಬ್ರ. ಅಲ್ಲಿ ಸಾಮಾನ ಐತಿ."

"ಅದನ್ನ ಹಿಂದಕ್ಕೆ ಇಡಿ. ಹತ್ತು ಸೀಟು ಖಾಲಿ ಇದೆಯಲ್ಲ?"

"ಅದು ಹಿಂದ ಕುಂದರೂದಿಲ್ರಿ."

"ಕುಂದರೂದಿಲ್ಲ ಅಂದ್ರೆ? ಏನದು?"

ಚಮನಸಾಬ ಒಂದು ಕ್ಷಣ ಯೋಚಿಸಿ, "ಗಾಡಿ ಪಾರ್ಟ್ ರೀ. ಎಣ್ಣಿ ಸೋರತೈತಿ. ನಿಮ್ಮ ಅರಬಿ ಹೊಲಸಾಗ್ತಾವು" ಅಂದ. ಬೆಲ್ಟು ಕಟ್ಟಿಕೊಂಡು ಕೂತ ಗಾಡಿ ಪಾರ್ಟನ್ನು ಗಂಡ-ಹೆಂಡತಿ ಇಬ್ಬರೂ ಮೊದಲ ಸಲ ನೋಡಿದರು.

ಮುನವಳ್ಳಿ ದಾಟಿದ ಮೇಲೆ ನಿಜಗುಣಪ್ಪ ಕೈ ಮಾಡಿದ. ಬೈಲಹೊಂಗಲದ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಹತ್ತಿ, ಕಾಳು ತೂಗಿದ ಮನುಷ್ಯ. ಕೆಲಸ ಮುಗಿದರೂ ತೂಗುವ ಚಟ ಬಿಟ್ಟಿರಲಿಲ್ಲ. ಈಗ ಮನುಷ್ಯರನ್ನು ತೂಗುತ್ತಿದ್ದ. ಗಾಡಿ ನಿಂತಿತು. ನಿಜಗುಣಪ್ಪ ಹತ್ತಿ ಪ್ರಿಯಂವದಾಳ ಎದುರಿನ ಸೀಟಿನಲ್ಲಿ ಕೂತ.

"ಏನ್ರೀ ಇದು? ನಾವು ಫುಲ್ ಗಾಡಿ ಬುಕ್ ಮಾಡಿರೋದಲ್ವಾ?" ಅಂದ ಗೌತಮ.

"ಹೌದ್ರಿ, ಗಾಡಿ ನಿಮ್ಮದ. ಸೀಟ ಖಾಲಿ ಇತ್ತು" ಅಂದ ಚಮನಸಾಬ. ಇದಕ್ಕಿಂತ ಹೆಚ್ಚು ಹೇಳುವುದು ಏನಿದೆ ಅಂತ ಅವನಿಗೆ ತಿಳಿಯಲಿಲ್ಲ.

ನಿಜಗುಣಪ್ಪ ಆಗಲೇ ತಕ್ಕಡಿ ಹಿಡಿದಿದ್ದ. "ಯಾವೂರ್ರಿ? ಮೈಸೂರಾ? ದೂರಾತು. ಲಗ್ನ ಆಗಿ ಎಷ್ಟ ವರ್ಷ? ನಾಕಾ? ಮಕ್ಕಳು?"

"ಇನ್ನೂ ಇಲ್ಲ" ಅಂದಳು ಪ್ರಿಯಂವದಾ, ಕಿಟಕಿಯ ಹೊರಗೆ ನೋಡುತ್ತ.

"ಯಾಕ?"

ಗೌತಮ ಹೆಂಡತಿಯ ಕಿವಿಯಲ್ಲಿ, "ಇವನು ಡ್ರೈವರ್ ಕಡೆಯವನೇ ಇರಬೇಕು. ನಮ್ಮ ವಿಷಯ ತಿಳ್ಕೊಳ್ತಾ ಇದ್ದಾನೆ" ಅಂದ. ಪ್ರವಾಸಿಗರಿಗೆ ಡ್ರೈವರುಗಳು ಮಾಡುವ ಮೋಸಗಳ ಪಟ್ಟಿಯೊಂದನ್ನು ಅವನು ಫೋನಿನಲ್ಲಿ ಓದಿಕೊಂಡು ಬಂದಿದ್ದ. ಹಾದಿಯ ಮಧ್ಯೆ ಅಪರಿಚಿತರನ್ನು ಹತ್ತಿಸುವುದು ಅದರಲ್ಲಿ ಮೇಲಿನ ಸಾಲಿನಲ್ಲೇ ಇತ್ತು.

ಚಮನಸಾಬನ ಭಯ ಬೇರೆ. ನಿಜಗುಣಪ್ಪನ ಕಣ್ಣು ಮುಂದಿನ ಸೀಟಿಗೆ ಹೋಗಿತ್ತು.

"ಏನೋ ಚಮನಸಾಬ, ಬೆಲ್ಟ ಕಟ್ಟಿ ಯಾರನ್ನ ಕುಂಡ್ರಿಸೀಯೋ? ಎರಡನೇದಾಕಿ ಏನು?"

"ಸಾಮಾನ ರೀ ಕಾಕಾ."

"ಹಸರ ಅರಬಿ ಕಾಣಾಕತ್ತೇತಿ."

ಗಂಟಿನ ಸಂದಿಯಿಂದ ಹಸಿರು ಖಣದ ಅಂಚು ಒಂದು ಬೆರಳಿನಷ್ಟು ಇಣುಕಿತ್ತು. ನಿಜಗುಣಪ್ಪ ಬೈಲಹೊಂಗಲದಲ್ಲಿ ಇಳಿದು ಚಹಾ ಕುಡಿಯುವಷ್ಟರಲ್ಲಿ ಸುದ್ದಿ ಎಂ.ಕೆ. ಹುಬ್ಬಳ್ಳಿಯಲ್ಲಿರುತ್ತದೆ.

"ಗಲೀಫ ರೀ" ಅಂದ ತಟ್ಟನೆ. "ದರ್ಗಾಕ್ಕ ಹೊಚ್ಚಾಕ."

ದರ್ಗಾದ ಗೋರಿಗೆ ಹೊದಿಸುವ ಬಟ್ಟೆ ಹಸಿರೇ ಇರುತ್ತದೆ. ನಿಜಗುಣಪ್ಪ ಎರಡೂ ಕೈ ಎತ್ತಿ ಗಂಟಿಗೆ ಮುಗಿದು ಸುಮ್ಮನಾದ. ಆದರೆ ಹಿಂದೆ ಕೂತವರು ಸುಮ್ಮನಾಗಲಿಲ್ಲ.

"ಕೇಳಿಸ್ಕೊಂಡ್ಯಾ? ನಮಗೆ ಗಾಡಿ ಪಾರ್ಟು ಅಂದ, ಅವನಿಗೆ ದರ್ಗಾ ಬಟ್ಟೆ ಅಂತಾನೆ" ಅಂದಳು ಪ್ರಿಯಂವದಾ.

ಸೊಗಲದಲ್ಲಿ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಗೌತಮನ ಫೋನಿನಲ್ಲಿ ಆ ಜಲಪಾತ ಆನೆಯ ಹಾಗೆ ಧುಮುಕುತ್ತಿತ್ತು. ಅದು ಶ್ರಾವಣದ ಚಿತ್ರ. ಪುಷ್ಯದಲ್ಲಿ ಅಲ್ಲಿ ಇಳಿಯುತ್ತಿದ್ದದ್ದು ಹಗ್ಗದಷ್ಟು ದಪ್ಪದ ನೀರು. ಹೆಂಗಸರು ಅದರ ಕೆಳಗೆ ಬಟ್ಟೆ ತೊಳೆಯುತ್ತಿದ್ದರು. "ನೀರೆಲ್ಲಿ?" ಅಂತ ಕೇಳಿದ ಗೌತಮನಿಗೆ ಒಬ್ಬ ಮುದುಕಿ, "ಮಳಿಗಾಲಕ್ಕ ಬರ್ರಿ, ಇಟ್ಟಿರ್ತೇವಿ" ಅಂದಳು. ಅವರು ಹತ್ತೇ ನಿಮಿಷದಲ್ಲಿ ಮರಳಿದರು. ಅಷ್ಟು ಬೇಗ ಬರುತ್ತಾರೆ ಅಂತ ಚಮನಸಾಬ ಎಣಿಸಿರಲಿಲ್ಲ. ಗಾಡಿಯ ಆ ಮಗ್ಗುಲಿಗೆ ನಿಂತು, ಶೆಟ್ಟೆವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದ:

"ಹೂಂ, ಮುಂದ ಇಟ್ಟೇನಿ. ಯಾರಿಗೂ ಗೊತ್ತಿಲ್ಲ. ಇವರು ಹೊರಗಿನವರು, ಇವರಿಗೆ ಏನೂ ತಿಳಿಯೂದಿಲ್ಲ. ದೀಪ ಹಚ್ಚೂದರೊಳಗ ಮುಟ್ಟಸ್ತೇನಿ. ನೀ ಫೋನ್ ಹಚ್ಚಬ್ಯಾಡ, ಯಾರರ ಕೇಳ್ಯಾರು."

ಗಂಡ-ಹೆಂಡತಿ ಮುಖ ಮುಖ ನೋಡಿಕೊಂಡರು. ಅಲ್ಲಿಂದ ಬೈಲಹೊಂಗಲದವರೆಗೆ ಗಾಡಿಯಲ್ಲಿ ಮಾತು ನಿಂತಿತು. ನಿಜಗುಣಪ್ಪ ಇಳಿಯುವಾಗ, "ಪಾಪ, ಜಗಳಾಡ್ಯಾರ ಕಾಣಸ್ತೈತಿ" ಅಂತ ಚಮನಸಾಬನಿಗೆ ಹೇಳಿ ಇಳಿದ. ಖಾನಾವಳಿಯಲ್ಲಿ ಚಮನಸಾಬ ಒಳಗೆ ಉಣ್ಣಲಿಲ್ಲ. ರೊಟ್ಟಿ ಕಟ್ಟಿಸಿಕೊಂಡು ಬಂದು ಗಾಡಿಯಲ್ಲೇ ತಿಂದ, ಎಡಗೈ ಗಂಟಿನ ಮೇಲೆ ಇಟ್ಟು. ಅದನ್ನು ಗೌತಮ ಕಿಟಕಿಯಿಂದ ವಿಡಿಯೋ ಮಾಡಿಕೊಂಡ.

ಕಿತ್ತೂರು ಮುಟ್ಟಿದಾಗ ನಾಲ್ಕೂವರೆ. ಗಂಡ-ಹೆಂಡತಿ ಕೋಟೆಯ ಕಡೆ ಹೋದರು. ಅವರು ಇನ್ನು ಒಂದು ತಾಸು ಬರುವುದಿಲ್ಲ ಅಂತ ನಂಬಿ ಚಮನಸಾಬ ಇಳಿಹೊತ್ತಿನ ಅಸರ್ ನಮಾಜಿಗೆ ಹೋದ. ಯಾರನ್ನೂ ನಂಬದವನು ಅವತ್ತು ಒಂದೇ ಒಂದು ಸಲ ನಂಬಿದ. ಗಾಡಿಯ ಬಾಗಿಲೆಲ್ಲ ಹಾಕಿದ್ದ. ಆದರೆ ಹಿಂದಿನ ಬಾಗಿಲಿನ ಕೀಲಿ ಎರಡು ವರ್ಷದಿಂದ ಕೆಟ್ಟಿತ್ತು. ಅದು ಊರಿಗೆಲ್ಲ ಗೊತ್ತು. ಮೈಸೂರಿನವರಿಗೆ ಬೆಳಗಿನಿಂದ ಹತ್ತಿ ಇಳಿದು ಗೊತ್ತಾಗಿತ್ತು.

ಕೋಟೆಯ ಬಾಗಿಲವರೆಗೆ ಹೋದ ಅವರು ತಿರುಗಿ ಬಂದರು.

"ಪೊಲೀಸಿಗೆ ಹೇಳೋಣ" ಅಂದ ಗೌತಮ.

"ಏನೂಂತ ಹೇಳ್ತೀಯಾ? ಮೊದಲು ಏನಿದೆ ನೋಡೋಣ" ಅಂದಳು ಪ್ರಿಯಂವದಾ.

ಗೌತಮ ಫೋನು ಹಿಡಿದು, ಮೆಲ್ಲನೆಯ ದನಿಯಲ್ಲಿ "ನೋಡ್ತಾ ಇದ್ದೀರಿ, ಬೆಳಗ್ಗೆಯಿಂದ ಈ ಡ್ರೈವರ್ ಮುಟ್ಟೋಕೇ ಬಿಡದೆ ಇರೋ ಗಂಟು" ಅನ್ನುತ್ತ ಚಿತ್ರ ತೆಗೆಯತೊಡಗಿದ. ಪ್ರಿಯಂವದಾ ಬೆಲ್ಟು ಬಿಚ್ಚಿದಳು. ಮೂರು ಸುತ್ತಿನ ಗಂಟು ಸುಲಭಕ್ಕೆ ಬಿಡಲಿಲ್ಲ. ಉಗುರು ಹಾಕಿ ಜಗ್ಗಿದಾಗ ಒಮ್ಮೆಲೇ ಬಿಚ್ಚಿತು, ಒಳಗಿನದು ಸೀಟಿನ ಮೇಲೆ ಚೆಲ್ಲಿತು. ಹಸಿರು ಖಣ. ಒಣಕೊಬ್ಬರಿಯ ಬಟ್ಟಲು. ಐದು ಉತ್ತತ್ತಿ, ಅರಿಷಿಣದ ಬೇರು. ಒಂದು ಸಣ್ಣ ಸ್ಟೀಲ್ ಡಬ್ಬಿ. ಕಾಗದದಲ್ಲಿ ಸುತ್ತಿದ ಹಸಿರು ಗಾಜಿನ ಬಳೆಗಳು. ಅದರಲ್ಲಿ ಒಂದು ಬಳೆ ಗೇರಿನ ಕಬ್ಬಿಣಕ್ಕೆ ಬಡಿದು ಎರಡು ಹೋಳಾಯಿತು.

ಫೋನು ಹಿಡಿದಿದ್ದ ಗೌತಮನ ಕೈ ಕೆಳಗಿಳಿಯಿತು. "ಇಷ್ಟೇನಾ?" ಅಂದ.

ಆ ಹೊತ್ತಿಗೆ ಚಮನಸಾಬ ಬಂದು ಬಾಗಿಲಲ್ಲಿ ನಿಂತಿದ್ದ. ಅವನು ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಒಡೆದ ಬಳೆಯ ಎರಡು ಹೋಳು ಎತ್ತಿಕೊಂಡು ಅಂಗೈಯಲ್ಲಿ ಇಟ್ಟು ನೋಡಿದ. ಆಮೇಲೆ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

"ಇದು ಒಬ್ಬ ತಾಯಿ ಮಗಳಿಗಿ ಕಳಿಸಿದ್ದು ರೀ. ಮಗಳು ಬಸರದಾಳ, ಮೂರು ತಿಂಗಳು. ಎರಡ ಸಲ ಹೋಗೇತಿ. ಈ ಸಲ ಯಾರ ಕಣ್ಣಿಗೂ ಬೀಳಬಾರದು ಅಂತ ಸೊಪ್ಪಿನಾಗ ಮುಚ್ಚಿ ತಂದು ನನ್ನ ಕೈಯಾಗ ಕೊಟ್ಟಾಳ. ನೀವು ಅದನ್ನ ಊರಿಗೇ ತೋರಸಾಕ ಹೊಂಟಿದ್ರಿ."

ಪ್ರಿಯಂವದಾ ಚೆಲ್ಲಿದ್ದನ್ನು ಖಣಕ್ಕೆ ತುಂಬತೊಡಗಿದಳು. "ನೀವು ಬೆಳಗ್ಗೇನೇ ಹೇಳಬಹುದಿತ್ತಲ್ಲ?"

"ಹೇಳಿದ್ರ ಗುಟ್ಟು ಹ್ಯಾಂಗಾಗ್ತಿತ್ರಿ?"

ಚಮನಸಾಬ ಗೌತಮನ ಕಡೆ ತಿರುಗಿದ. "ಸಾಹೇಬ್ರ, ಅದನ್ನ ತಗೀರಿ." ಗೌತಮ ವಿಡಿಯೋ ಅಳಿಸಿ ತೋರಿಸಿದ. "ಅಳಿಸಿದ್ದು ಬಿನ್‌ನ್ಯಾಗ ಹೋಗಿ ಕುಂತಿರ್ತೈತಿ ಅಂತ ನಮ್ಮ ಫರೀನ್ ಹೇಳ್ಯಾಳ. ಅಲ್ಲೀದೂ ತಗೀರಿ." ಅದನ್ನೂ ತೆಗೆದ. "ಖಾನಾವಳ್ಯಾಗ ತಗದದ್ದು?" ಗೌತಮ ತಲೆ ತಗ್ಗಿಸಿಕೊಂಡು ಅದನ್ನೂ ತೆಗೆದ. ಚಮನಸಾಬ ಫೋನನ್ನು ತಿರುಗಿಸಿ ಹಿಂಭಾಗವನ್ನೂ ಒಮ್ಮೆ ನೋಡಿದ, ಅಲ್ಲಿ ಏನಾದರೂ ಅಂಟಿಕೊಂಡಿದೆಯೋ ಅನ್ನುವ ಹಾಗೆ.

ಆಮೇಲೆ ಶೆಟ್ಟೆವ್ವನಿಗೆ ಫೋನು ಹಚ್ಚಿದ. ಮುಚ್ಚಿಡಬಹುದಿತ್ತು. ಗಂಟನ್ನು ಅದೇ ಮೂರು ಸುತ್ತಿನಲ್ಲಿ ಕಟ್ಟಲು ಅವನಿಗೆ ಬರುತ್ತಿತ್ತು. ಆದರೆ ಸುಳ್ಳು ಕಟ್ಟಿದ ಗಂಟನ್ನು ಮೂವತ್ತೊಂದು ವರ್ಷದಲ್ಲಿ ಅವನು ಒಯ್ದಿರಲಿಲ್ಲ. ಎಲ್ಲ ಹೇಳಿದ. ಆ ಕಡೆ ಸಂತೆಯ ಗದ್ದಲ.

"ಬಿಚ್ಚಿದಾಕಿ ಹೆಣ್ಣಮಗಳೇನು?" ಅಂತ ಕೇಳಿದಳು ಶೆಟ್ಟೆವ್ವ.

"ಹೌದಕ್ಕ."

"ಮುತ್ತೈದಿ?"

"ಗಂಡ ಬಾಜೂಕ ನಿಂತಾನ. ತೆಲಿ ತಗ್ಗಿಸ್ಯಾನ."

"ಆಕಿಗಿ ಕೊಡು."

ಪ್ರಿಯಂವದಾ ಫೋನು ಕಿವಿಗೆ ಹಿಡಿದಳು. ಬೈಗುಳಕ್ಕೆ ಸಿದ್ಧವಾಗಿ ಕಣ್ಣು ಮುಚ್ಚಿಕೊಂಡಳು.

"ಏನವಾ ತಂಗಿ, ಕಂಡ ಕಣ್ಣ ಇನ್ನ ಕಾಣಲಾರದಂಗ ಆಗೂದಿಲ್ಲ. ಹೊರಗಿನವರು ನೋಡಬಾರದಿತ್ತು, ನೋಡಿದ್ರಿ. ಈಗ ನೀ ಹೊರಗಿನಾಕಿ ಆಗಿ ಉಳೀಬ್ಯಾಡ. ಒಳಗಿನಾಕಿ ಆಗು. ಬಳಿ ಹೊಸಾದ ತಗೊ. ನಿನ್ನ ಕೈಲೆ ಕಟ್ಟು, ನಿನ್ನ ಕೈಲೇನ ನನ್ನ ಮಗಳ ಉಡ್ಯಾಗ ಹಾಕು. ಯಾರಂತ ಕೇಳಿದ್ರ, 'ತವರಿಂದ ಬಂದೇನಿ' ಅನ್ನು. ಇಷ್ಟ ಮಾಡ್ತೀಯೇನು?"

"ಮಾಡ್ತೀನಿ" ಅಂದಳು ಪ್ರಿಯಂವದಾ. ಆಮೇಲೆ, "ಆದ್ರೆ ನಿಮಗೆ ನನ್ನ ಮೇಲೆ ನಂಬಿಕೆ..."

"ನಂಬಿಕಿ ಎಲ್ಲೈತವಾ? ಬ್ಯಾರೆ ದಾರಿ ಇಲ್ಲ" ಅಂದು ಶೆಟ್ಟೆವ್ವ ಫೋನು ಇಟ್ಟಳು.

ಬಳೆ ಕೊಳ್ಳುವುದೂ ಸಣ್ಣ ಕೆಲಸವಾಗಿರಲಿಲ್ಲ. ಬಿಳಿ ಗಡ್ಡದ ಚಮನಸಾಬ ಕಿತ್ತೂರಿನ ಬಳೆಯಂಗಡಿಯಲ್ಲಿ ನಿಂತು ಹಸಿರು ಬಳೆ ಕೇಳಿದರೆ, ಅವನಿಗಿಂತ ಮೊದಲು ಆ ಮಾತು ಖತಿಜಾಬಿಯನ್ನು ಮುಟ್ಟುತ್ತದೆ. ಅದಕ್ಕೇ ಪ್ರಿಯಂವದಾ ಒಬ್ಬಳೇ ಹೋದಳು, ಗುರುತಿಗೆ ಒಂದು ಬಳೆ ಹಿಡಿದು. ಬಳೆಗಾರ್ತಿಯ ಕಣ್ಣು ಒಮ್ಮೆ ಚೂಪಾಯಿತು: "ಹಸರ ಯಾಕ್ರಿ ಅಕ್ಕಾರ? ನಿಮ್ಮ ಕೈಗಿ ಈ ಅಳತಿ ಸಣ್ಣದಾಗ್ತದ." ಪ್ರಿಯಂವದಾ ಗಂಡನ ಕ್ಯಾಮೆರಾದ ಚೀಲ ಮುಂದಕ್ಕೆ ಎಳೆದುಕೊಂಡು, "ಸುಮ್ನೆ, ಊರಿನ ನೆನಪಿಗೆ" ಅಂದಳು. ಬಳೆಗಾರ್ತಿ ನಕ್ಕಳು. ಊರು ನೋಡಲು ಬಂದವರು ಏನು ಬೇಕಾದರೂ ಕೊಳ್ಳುತ್ತಾರೆ, ಹಾಕಿಕೊಳ್ಳದೆ ಇರುವುದನ್ನೂ. ಅದು ಅವಳಿಗೆ ಗೊತ್ತಿದ್ದ ಸಂಗತಿ. ಇನ್ನೇನೂ ಕೇಳಲಿಲ್ಲ.

ಎಂ.ಕೆ. ಹುಬ್ಬಳ್ಳಿ ಮುಟ್ಟುವಾಗ ಸೂರ್ಯ ಅಲ್ಲಿನ ಸಕ್ಕರೆ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಇಳಿಯುತ್ತಿದ್ದ. ಗಂಟು ಈಗ ಮುಂದಿನ ಸೀಟಿನಲ್ಲಿರಲಿಲ್ಲ. ಪ್ರಿಯಂವದಾಳ ತೊಡೆಯ ಮೇಲಿತ್ತು. ಚಮನಸಾಬ ಕನ್ನಡಿಯಲ್ಲಿ ಎರಡು ಮೈಲಿಗೊಮ್ಮೆ ಅದನ್ನು ನೋಡುತ್ತಿದ್ದ.

ನೀಲಗಂಗಾಳ ಮನೆಯ ಎದುರಿನ ಕಟ್ಟೆಯ ಮೇಲೆ ಮೂವರು ಹೆಂಗಸರು ಕೂತಿದ್ದರು. ಮೂವರ ಕೈಯಲ್ಲೂ ಅವರೆಕಾಯಿ, ಆರು ಕಣ್ಣೂ ಗಾಡಿಯ ಮೇಲೆ.

"ಇವರನ್ನ ದಾಟಿ ಹೋಗಬೇಕಲ್ರಿ" ಅಂತ ಚಮನಸಾಬ ಗೊಣಗಿದ.

ಆಗ ಗೌತಮ ಏನನ್ನೂ ಹೇಳದೆ ಇಳಿದ. ಕ್ಯಾಮೆರಾ ತೆಗೆದು ಕಟ್ಟೆಯ ಕಡೆ ಹೋದ. "ಅಮ್ಮಾ, ನಿಮ್ಮ ಫೋಟೋ ತೆಗೀಲಾ? ಕಾಯಿ ಸುಲೀತಾ ಇರಿ, ನನ್ನ ಕಡೆ ನೋಡಿ."

"ಯವ್ವಾ, ನಿಂದ್ರಪಾ! ಸೆರಗ ನೆಟ್ಟಗ ಮಾಡ್ಕೋತೇವಿ" ಅಂದಳು ಒಬ್ಬಳು. "ಯಾವ ಪೇಪರಿಗಿ? ನನ್ನ ಈ ಮಗ್ಗಲ ತಗಿ, ಆ ಕಡಿ ಹಲ್ಲಿಲ್ಲ" ಅಂದಳು ಇನ್ನೊಬ್ಬಳು. ಮೂವರೂ ತಲೆ ಸರಿಮಾಡಿಕೊಳ್ಳುವಷ್ಟರಲ್ಲಿ ಪ್ರಿಯಂವದಾ ಹೊಸ್ತಿಲು ದಾಟಿದ್ದಳು.

ಒಳಗೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ನೀಲಗಂಗಾ ಎದ್ದು ನಿಂತಳು. ಜೀನ್ಸ್ ಹಾಕಿದ, ಮುಖದ ಮೇಲೆಲ್ಲ ಧೂಳು ಕೂತ ಅಪರಿಚಿತ ಹೆಣ್ಣು. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಯಾರ್ರಿ ನೀವು? ಯಾರ ಬೇಕಾಗಿತ್ತು?"

ಪ್ರಿಯಂವದಾ ಹಾದಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

"ತವರಿಂದ ಬಂದೇನಿ" ಅಂದಳು.

ನೀಲಗಂಗಾ ಅವಳ ಮುಖ ನೋಡಲಿಲ್ಲ, ಗಂಟಿನ ಬಟ್ಟೆ ನೋಡಿದಳು. ಅವ್ವನ ಸೀರೆ. ಸೆರಗು ಒಡ್ಡಿದಳು. ಗಂಟು ನೆಲ ಮುಟ್ಟದೆ ಉಡಿಗೆ ಇಳಿಯಿತು. ಒಳಗಿನಿಂದ ಬಂದ ಅತ್ತೆ ಎಲ್ಲವನ್ನೂ ಒಂದೇ ನೋಟದಲ್ಲಿ ತಿಳಿದುಕೊಂಡು, ಬಾಗಿಲ ಕಡೆಗೆ ಕೇಳುವಂತೆ ದೊಡ್ಡದಾಗಿ ಹೇಳಿದಳು: "ಫ್ಯಾಕ್ಟರಿ ನೋಡಾಕ ಬಂದೀರೇನ್ರಿ? ನೀರ ಕುಡದು ಹೋಗ್ರಿ!" ಆಮೇಲೆ ಮೆಲ್ಲಗೆ, "ಕುಂದರವಾ" ಅಂದಳು.

ತವರಿನ ಡಬ್ಬಿ ಖಾಲಿ ಮರಳಬಾರದು. ಅತ್ತೆ ಅದರಲ್ಲಿ ಏನೋ ತುಂಬಿ, ಅದೇ ಸೀರೆಯ ತುಂಡಿನಲ್ಲಿ ಕಟ್ಟಲು ಹೋದಾಗ ಪ್ರಿಯಂವದಾ, "ಕೊಡಿ, ನಾನು ಕಟ್ತೀನಿ" ಅಂದಳು.

ಬೆಳಗಾವಿಯ ಹಾದಿಯಲ್ಲಿ ಗೌತಮ ಕೇಳಿದ: "ಮತ್ತೆ ಗಂಟು? ಅದರಲ್ಲೇನಿದೆ?"

"ಸಾಮಾನು" ಅಂದಳು ಪ್ರಿಯಂವದಾ.

ಕನ್ನಡಿಯಲ್ಲಿ ಚಮನಸಾಬನ ಕಣ್ಣು ಸಣ್ಣಗಾದವು. ಸ್ಟೇಷನ್ನಿನ ಎದುರು ಅವಳು ಗಂಟನ್ನು ಅವನ ಕೈಗೆ ಕೊಟ್ಟಳು. ಅವನು ದೀಪದ ಕಂಬದ ಕೆಳಗೆ ಹೋಗಿ, ಅವಳ ಎದುರೇ, ಬೆರಳು ಆಡಿಸಿ ನೋಡಿದ.

"ಎರಡ ಸುತ್ತ ಅದಾವಲ್ರಿ."

"ಮೂರಿದೆ. ಒಂದು ಒಳಗಡೆ ಹೋಗಿದೆ. ನೋಡ್ಕೊಳ್ಳಿ."

ಚಮನಸಾಬ ಮತ್ತೊಮ್ಮೆ ನೋಡಿದ. ಮೂರಿತ್ತು.

ಇದನ್ನೆಲ್ಲ ಈಗ ಹೇಳಲು ಅಡ್ಡಿಯಿಲ್ಲ. ಏಳನೆಯ ತಿಂಗಳಿಗೆ ನೀಲಗಂಗಾಳ ಹಸಿರು ಕುಬಸವನ್ನು ಶೆಟ್ಟೆವ್ವ ಊರಿಗೆಲ್ಲ ಹೇಳಿಯೇ ಮಾಡಿದಳು. ಮೈಸೂರಿಗೂ ಚಮನಸಾಬನ ಫೋನಿನಿಂದ ಹೇಳಿಕೆ ಹೋಗಿತ್ತು. ಪಂಕ್ತಿಯಲ್ಲಿ ಹೋಳಿಗೆ ಮುರಿಯುತ್ತ ಖತಿಜಾಬಿಗೆ ತಿಂಗಳ ಲೆಕ್ಕ ಹತ್ತಿತು. ಕೈ ತಡೆದು ಗಂಡನನ್ನು ನೋಡಿದಳು.

"ಅವತ್ತ ಮುಂದಿನ ಸೀಟಿನ್ಯಾಗ ಇದ್ದದ್ದು..."

"ಸಾಮಾನ" ಅಂದ ಚಮನಸಾಬ, ಹೋಳಿಗೆಗೆ ಹಾಕಿದ ತುಪ್ಪವನ್ನು ಮೂಸಿ ನೋಡುತ್ತ.